ಉದ್ಯೋಗದ ಅರ್ಜಿ: ಪರಿಶೀಲನೆಯ ಕೆಲವು ಪದಗಳು



ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರ, ವಡೋದರಾ ಸಮೀಪದ ಕೊಯಲಿ ತೈಲ ಶುದ್ಧೀಕರಣಾಗಾರ, ಸೂರತ್ ಬಳಿಯ ಹಜೀರಾದ ಕಾರ್ಖಾನೆಗಳು ಹೊರಡಿಸುವ ಜಾಹೀರಾತುಗಳನ್ನು ಈ ಮೂರು ನಗರಗಳಲ್ಲಿ ನೆಲೆಸಿರುವ ಕನ್ನಡಿಗರೂ ಆಸಕ್ತಿಯಿಂದ ಓದುತ್ತಾರೆ. ಆದರೆ ಸಂದರ್ಶನಕ್ಕೆ ಮೊದಲೇ, ಪರಿಶೀಲನೆಯ ಹಂತದಲ್ಲಿ ತಿರಸ್ಕೃತವಾಗುವ ಅರ್ಜಿಗಳು ಕಡಿಮೆಯಲ್ಲ. ಅನೇಕ ವೇಳೆ ಅದಕ್ಕೆ ಕಾರಣ ಅಭ್ಯರ್ಥಿಯ ಅಸಾಮರ್ಥ್ಯವಲ್ಲ, ಜಾಹೀರಾತಿನ ಪದವೊಂದನ್ನು ತಪ್ಪಾಗಿ ಗ್ರಹಿಸಿದ್ದು.

'ಅಗತ್ಯ ಅರ್ಹತೆ' ಇಲ್ಲದಿದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು. 'ಅಪೇಕ್ಷಣೀಯ ಅರ್ಹತೆ' ಇಲ್ಲದವರೂ ಅರ್ಜಿ ಸಲ್ಲಿಸಬಹುದು. ಆದರೆ ಅರ್ಜಿಗಳು ಹೆಚ್ಚಾದಾಗ 'ಷಾರ್ಟ್‌ಲಿಸ್ಟ್' ಮಾಡಲು, ಎಂದರೆ ಪಟ್ಟಿಯನ್ನು ಕಿರಿದುಗೊಳಿಸಲು, ಅದೇ ಅಳತೆಗೋಲಾಗಬಹುದು. ಕನಿಷ್ಠ ಅರ್ಹತೆಯುಳ್ಳ ಮಾತ್ರಕ್ಕೆ ಸಂದರ್ಶನದ ಹಕ್ಕು ದೊರೆಯುವುದಿಲ್ಲ. 'ಅರ್ಹತೆಯ ನಂತರದ ಅನುಭವ' ಎಂದು ಕೇಳಿದಲ್ಲಿ, 2018ರಲ್ಲಿ ಕೆಲಸಕ್ಕೆ ಸೇರಿ 2020ರಲ್ಲಿ ಡಿಪ್ಲೊಮಾ ಪಡೆದವರ ಮೊದಲ ಎರಡು ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ.

ಹೊರನಾಡಿನ ಕನ್ನಡಿಗರು ಹೆಚ್ಚು ಎಡವುವುದು ಜಾತಿ ಪ್ರಮಾಣಪತ್ರದಲ್ಲಿ. ಕರ್ನಾಟಕದ ಪ್ರವರ್ಗ 2ಎ, 3ಬಿ ಮುಂತಾದವು ರಾಜ್ಯದ ವಿಂಗಡಣೆಗಳು. ಕೇಂದ್ರದ ಹುದ್ದೆಗೆ, ಕರ್ನಾಟಕಕ್ಕೆ ಸಂಬಂಧಿಸಿದ ಕೇಂದ್ರ ಪಟ್ಟಿಯಲ್ಲಿ ಜಾತಿಯ ಹೆಸರಿರಬೇಕು. ಪ್ರಮಾಣಪತ್ರವೂ ಕೇಂದ್ರದ ನಮೂನೆಯಲ್ಲಿಯೇ ಇರಬೇಕು. ಅಭ್ಯರ್ಥಿಯು 'ಕೆನೆಪದರ'ಕ್ಕೆ ಸೇರಿಲ್ಲವೆಂದು ಅದರಲ್ಲಿ ದೃಢೀಕರಿಸಲಾಗುತ್ತದೆ. ಅನುವಾದಕರಾದ ನಮಗೆ ಇದು ಸೊಗಸಾದ ಪದವೇ, ಆದರೆ ಅರ್ಥ ತಾನಾಗಿ ಹೊಳೆಯದು. ಇಲ್ಲಿ ಗಣನೆಗೆ ಬರುವುದು ತಂದೆತಾಯಿಯರ ಹುದ್ದೆ ಮತ್ತು ಆದಾಯ, ಅಭ್ಯರ್ಥಿಯ ಸ್ವಂತ ಸಂಬಳವಲ್ಲ. ಪತ್ರ ಸರಿಯಿಲ್ಲವಾದರೆ ಮೂರು ವರ್ಷಗಳ ವಯೋಮಿತಿ ಸಡಿಲಿಕೆಯೂ ತಪ್ಪಿ, ಅರ್ಜಿಯೇ ಬಿದ್ದುಹೋಗಬಹುದು. ಗುಜರಾತ್ ರಾಜ್ಯ ಸರ್ಕಾರದ ಹುದ್ದೆಗಳ ಮೀಸಲಾತಿಗಂತೂ ಕರ್ನಾಟಕದಿಂದ ವಲಸೆ ಬಂದವರ ಪತ್ರ ಸಲ್ಲುವುದಿಲ್ಲ. ಊರಿಗೆ ಹೋದಾಗ ತಹಸೀಲ್ದಾರರ ಕಚೇರಿಯಲ್ಲಿ ಕೇಂದ್ರದ ನಮೂನೆಯ ಪತ್ರವನ್ನು ಕೇಳಿ ಪಡೆಯುವುದು ಒಳಿತು. ಕೊನೆಯ ದಿನಾಂಕದ ವಾರದಲ್ಲಿ ರೈಲು ಹತ್ತಿದರೆ ಕೆಲಸವಾಗದು.

ಸರ್ಕಾರಿ ನೌಕರರಿಗೆ 'ಸೂಕ್ತ ಮಾರ್ಗದ ಮೂಲಕ' ಎಂದರೆ ಈಗಿನ ಕಚೇರಿಯ ಮುಖಾಂತರ ಎಂದರ್ಥ. ಖಾಸಗಿ ಸಂಸ್ಥೆಗಳು ನಮೂದಿಸುವ 'ಸಿ.ಟಿ.ಸಿ.' ಕೈಗೆ ಬರುವ ಸಂಬಳವಲ್ಲ. ಭವಿಷ್ಯನಿಧಿಗೆ ಮಾಲೀಕರು ಕಟ್ಟುವ ಪಾಲೂ ಅದರಲ್ಲಿ ಸೇರಿರುತ್ತದೆ.

ದೊಡ್ಡ ಕಂಪನಿಗಳಲ್ಲಿ ಈಗ ಸ್ವವಿವರವನ್ನು ಮೊದಲು ಕಂಪ್ಯೂಟರ್ ಶೋಧಿಸುವುದುಂಟು. ಅದು ಜಾಹೀರಾತಿನ ಪದಗಳನ್ನೇ ಅರಸುತ್ತದೆ. 'ಬಾಯ್ಲರ್ ಅಟೆಂಡೆಂಟ್ ಪ್ರಮಾಣಪತ್ರ' ಎಂದು ಕೇಳಿದ್ದಲ್ಲಿ 'ಬಾಯ್ಲರ್ ಕೆಲಸ ಬಲ್ಲೆ' ಎಂದು ಬರೆದರೆ, ಪ್ರಮಾಣಪತ್ರ ಮನೆಯ ಪೆಟ್ಟಿಗೆಯಲ್ಲಿದ್ದರೂ ಆ ಯಂತ್ರಕ್ಕೆ ತಿಳಿಯುವುದಿಲ್ಲ.