ದೇವನಹಳ್ಳಿ ಸೀಮೆಯ ಆಳ್ವಿಕೆಗಳು, ಕಾಳಗಗಳು

ಅವತಿ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡ 1501ರಲ್ಲಿ ದೇವನಹಳ್ಳಿಯಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. ಪಾಳೆಯಗಾರರ ಕಾಲದಲ್ಲಿ ಜಗಳಕ್ಕೆ ಬರವಿರಲಿಲ್ಲ. ಆದರೆ ಗೌಡನ ಬೊಕ್ಕಸ ಎಷ್ಟೋ ಅವನ ಕಾಳಗವೂ ಅಷ್ಟೇ. ಕೆರೆ, ಸಂತೆ, ಕಂದಾಯವನ್ನು ನಂಬಿ ಬದುಕುವವನಿಗೆ ರೈತರು ಊರು ಬಿಟ್ಟುಹೋಗುವಂಥ ಯುದ್ಧ ಬೇಕಿರಲಿಲ್ಲ.

1749ರಲ್ಲಿ ಮೈಸೂರು ಸೇನೆ ಈ ಕೋಟೆಗೆ ಮುತ್ತಿಗೆ ಹಾಕಿತು. ಸಿಂಹಾಸನದ ಮೇಲೆ ಇಮ್ಮಡಿ ಕೃಷ್ಣರಾಜ ಒಡೆಯರಿದ್ದರು. ಅಧಿಕಾರವೆಲ್ಲ ದೇವರಾಜಯ್ಯ, ನಂಜರಾಜಯ್ಯ ಸಹೋದರರದು. ಮುತ್ತಿಗೆಯಲ್ಲಿ ನಂಜರಾಜಯ್ಯನ ಕಣ್ಣಿಗೆ ಬಿದ್ದ ಹೈದರ್ ಅಲಿಗೆ 50 ಕುದುರೆ, 200 ಕಾಲಾಳುಗಳ ದಳ ದಕ್ಕಿತು. ಅವನ ಮಗ ಟಿಪ್ಪು ಹುಟ್ಟಿದ್ದೂ ಇದೇ ಊರಿನಲ್ಲಿ, 1750ರಲ್ಲಿ.

ಪಟ್ಟವಿಲ್ಲದೆ ಆಳುವವನಿಗೆ ಗೆಲುವೊಂದೇ ಆಸರೆ. ನಂಜರಾಜಯ್ಯ ತಿರುಚಿನಾಪಳ್ಳಿಯ ಆಸೆಗೆ ಬಿದ್ದು, ವರ್ಷಗಟ್ಟಲೆ ಸೇನೆ ನಿಲ್ಲಿಸಿ, ಬೊಕ್ಕಸ ಬರಿದುಮಾಡಿ ಬರಿಗೈಯಲ್ಲಿ ಮರಳಿದ. 1758ರಲ್ಲಿ ಸಂಬಳ ಕಾಣದ ಸಿಪಾಯಿಗಳು ಅವನ ಬಾಗಿಲಲ್ಲೇ ಧರಣಿ ಕೂತರು. ಬಾಕಿ ತೀರಿಸಿ ಎಬ್ಬಿಸಿದವನು ಹೈದರ್. ಸೇನೆ ಯಾರ ಮಾತು ಕೇಳುತ್ತದೆನ್ನುವುದು ಅಂದೇ ತೀರ್ಮಾನವಾಯಿತು. 1761ರಲ್ಲಿ ರಾಜ್ಯವೇ ಅವನ ಕೈಸೇರಿತು.

ಇಲ್ಲಿ ದೊಡ್ಡಬಳ್ಳಾಪುರದ ಒಂದು ಕಥೆ ಹೇಳಲೇಬೇಕು. ಬರೆದವನು ಮಾರ್ಕ್ ವಿಲ್ಕ್ಸ್; ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ, ಹಾಗಾಗಿ ತುಸು ಎಚ್ಚರದಿಂದ ಕೇಳಿ. ಹೈದರನ ತಂದೆ ಫತೇ ಮಹಮ್ಮದ್ ಸತ್ತ ಮೇಲೆ ಆ ಊರನ್ನಾಳುತ್ತಿದ್ದ ಅಬ್ಬಾಸ್ ಕುಲಿ ಖಾನ್ ಬಾಕಿಯ ನೆಪ ತೆಗೆದು ಆ ಸಂಸಾರವನ್ನು ದೋಚಿದ. ಮಕ್ಕಳನ್ನು ನಗಾರಿಯೊಳಗೆ ಕೂರಿಸಿ, ಚರ್ಮ ಬಿಗಿದು ಹಿಂಸಿಸಿದ. ಅಧಿಕಾರ ಕೈಗೆ ಬಂದ ವರ್ಷವೇ ಹೈದರ್ ದೊಡ್ಡಬಳ್ಳಾಪುರಕ್ಕೆ ದಂಡೆತ್ತಿ ಬಂದ. ಖಾನ್ ಮದರಾಸಿಗೆ ಓಡಿಹೋದ. ಹೈದರನಿಗೆ ಆ ಊರು ಹೇಗೂ ಬೇಕಿತ್ತು, ನಿಜ. ಆದರೂ ಒಬ್ಬನ ಎದೆಯ ಹಗೆ ಹೀಗೆ ರಾಜ್ಯದ ದಂಡಯಾತ್ರೆಯಾಗುವುದು ‘ಬೇಡ’ ಎನ್ನುವವರಿಲ್ಲದ ಆಳ್ವಿಕೆಯಲ್ಲಿ. ಅಂಥ ಆಳ್ವಿಕೆಯಲ್ಲಿ ಲೂಟಿಯೂ ಆದಾಯವೇ. ಹೈದರ್ ಬೇಡರ ಪಡೆ ಇಟ್ಟುಕೊಂಡು, ಅವರು ದೋಚಿ ತಂದದ್ದರಲ್ಲಿ ಅರ್ಧ ಪಾಲು ಪಡೆಯುತ್ತಿದ್ದನೆಂದೂ ವಿಲ್ಕ್ಸ್ ಹೇಳುತ್ತಾನೆ. ಹಳ್ಳಿಗಳನ್ನು ಹೆದರಿಸಿ ಹಣ ಎತ್ತುವುದರಲ್ಲಿ ಮರಾಠರೇನೂ ಹಿಂದೆ ಬಿದ್ದಿರಲಿಲ್ಲ.

ಹೈದರನ ಜೊತೆ ಯುದ್ಧಕ್ಕೆ ನಿಂತ ಕಂಪನಿಯದು ಇನ್ನೊಂದು ಬಗೆ. 1768ರ ಆಗಸ್ಟಿನಲ್ಲಿ ಹೊಸಕೋಟೆ ಬಳಿ ಬೀಡುಬಿಟ್ಟಿದ್ದ ಅದರ ಸೇನಾಪತಿ ಕರ್ನಲ್ ಸ್ಮಿತ್‌ಗೆ ಮಿತ್ರನಾಗಿ ಗುತ್ತಿಯ ಮುರಾರಿರಾವ್ ಬಂದಿದ್ದ. ಹೈದರ್ ರಾತ್ರಿಯಲ್ಲಿ ಮುರಾರಿರಾವ್‌ನ ಪಾಳೆಯಕ್ಕೆ ನುಗ್ಗಿ, ಸೋತು ಹಿಂದೆ ಸರಿದ. ಗೆದ್ದೂ ಸ್ಮಿತ್‌ಗೆ ಮುಂದೆ ಹೆಜ್ಜೆ ಹಾಕಲಾಗಲಿಲ್ಲ. ಅವನ ಮೇಲೆ ಕಣ್ಣಿಡಲು ಮದರಾಸಿನ ಕೌನ್ಸಿಲ್ ತನ್ನ ಪ್ರತಿನಿಧಿಗಳನ್ನು ದಂಡಿನ ಜೊತೆಯಲ್ಲೇ ಕಳಿಸಿತ್ತು. ಯಾರನ್ನೂ ಕೇಳಬೇಕಿಲ್ಲದ ಹೈದರ್ 1769ರಲ್ಲಿ ಮದರಾಸಿನ ಬಾಗಿಲಿಗೇ ಹೋಗಿ ಒಪ್ಪಂದ ಬರೆಸಿಕೊಂಡ. ಈ ಯುದ್ಧದ ಸುದ್ದಿಗೆ ಲಂಡನ್ನಿನಲ್ಲಿ ಕಂಪನಿಯ ಷೇರು ಬೆಲೆಯೂ ಕುಸಿಯಿತು. ಆದರೆ ವ್ಯಕ್ತಿಯ ಮೇಲೆ ನಿಂತದ್ದು ವ್ಯಕ್ತಿಯ ಜೊತೆ ಹೋಗುತ್ತದೆ. ಕಂಪನಿಗೆ ಒಬ್ಬ ಸೋತರೆ ಇನ್ನೊಬ್ಬನಿದ್ದ. 1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರನ್ನೂ ದೇವನಹಳ್ಳಿಯನ್ನೂ ಹಿಡಿದ. 1799ರಲ್ಲಿ, ಹೈದರನ ನಂತರ ಆಳಿದ ಟಿಪ್ಪು ಮಡಿದ ದಿನವೇ ರಾಜಧಾನಿ ಶ್ರೀರಂಗಪಟ್ಟಣ ಬಿತ್ತು.

ಕಂಪನಿಯ ರಕ್ಷಣೆಯಲ್ಲಿ ಒಡೆಯರು ಮರಳಿದ ಮೇಲೆ ಗಡಿಯ ಯುದ್ಧಗಳು ನಿಂತವು. ಆದರೆ ಹೊರಗಿನ ಭಯವಿಲ್ಲದ ಆಡಳಿತಕ್ಕೆ ಒಳಗಿನ ಗೋಳು ಕೇಳಿಸುವುದು ಕಡಿಮೆ: 1830ರಲ್ಲಿ ಮಲೆನಾಡಿನ ನಗರ ಸೀಮೆಯ ರೈತರು ದಂಗೆಯೆದ್ದರು, ಅದನ್ನೇ ಮುಂದಿಟ್ಟುಕೊಂಡು 1831ರಲ್ಲಿ ಕಂಪನಿ ಆಡಳಿತವನ್ನೇ ಕಿತ್ತುಕೊಂಡಿತು.

ಈಗಲೂ ದೇವನಹಳ್ಳಿಯಲ್ಲಿ ನೆಲಕ್ಕಾಗಿ ಜಗಳ ನಡೆಯುತ್ತದೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರು 2022ರಿಂದ ಧರಣಿ ಕೂತರು, ಪೊಲೀಸರ ಬಂಧನವನ್ನೂ ಕಂಡರು. ಓಟು ಕೇಳಬೇಕಾದ ಸರ್ಕಾರ 2025ರ ಜುಲೈ 15ರಂದು ಆ ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿತು.