ಮೊದಲ ಗಂಟೆಯ ಬಿಲ್ಲು
(ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಆಡಿದ ಮಾತು)



ಕಳೆದ ಮಳೆಗಾಲದ ಒಂದು ರಾತ್ರಿ 2 ಗಂಟೆಗೆ ನಮ್ಮ ಯಜಮಾನರಿಗೆ ಎದೆನೋವು. ಡೊಂಬಿವಲಿಯ ನಮ್ಮ ಮನೆಯಿಂದ ದೊಡ್ಡಾಸ್ಪತ್ರೆ ದೂರ. ಗಲ್ಲಿಯ ತುದಿಯ ತುರ್ತು ಚಿಕಿತ್ಸಾ ಕೇಂದ್ರಕ್ಕೆ ರಿಕ್ಷಾದಲ್ಲಿ ಕರೆದೊಯ್ದೆ. ನಾಲ್ಕೇ ಮಂಚ, ಒಬ್ಬರು ಡಾಕ್ಟರು, ಒಬ್ಬರು ನರ್ಸು. 10 ನಿಮಿಷದೊಳಗೆ ಇಸಿಜಿ ತೆಗೆದು, ಆಸ್ಪಿರಿನ್ ಅಗಿಯಲು ಕೊಟ್ಟು, ಆಸ್ಪತ್ರೆಗೆ ಫೋನು ಮಾಡಿ, 108 ಆಂಬುಲೆನ್ಸಿನಲ್ಲಿ ಕಳಿಸಿದರು. ಆಂಜಿಯೋಪ್ಲಾಸ್ಟಿ ಅಲ್ಲಿ ಆಗದು. ಆಗುವ ಕಡೆ ತಲುಪುವವರೆಗೆ ಜೀವ ಹಿಡಿದಿಡುವುದೇ ಅವರ ಕೆಲಸ.

ಹಾಗೆಂದು ಎಲ್ಲಕ್ಕೂ ಅಲ್ಲಿಗೇ ಓಡಬೇಡಿ. ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಅದು ಲಕ್ವ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಅವಕಾಶ.

ಆಸ್ಪತ್ರೆಯ ಬಿಲ್ಲಿಗೆ ನಮ್ಮ ನಿಧಿ ನೆರವಾಯಿತು, ಕೈಮುಗಿಯುತ್ತೇನೆ. ಆದರೆ ಕೇಂದ್ರದ ಬಿಲ್ಲು ಮಾತ್ರ 'ಅಡ್ಮಿಟ್ ಆಗಿಲ್ಲ' ಎಂಬ ಷರಾದೊಂದಿಗೆ ವಾಪಸು ಬಂತು. ನಾನು ಹೇಗೋ ಕಟ್ಟಿದೆ. ಹೋಟೆಲಿನಲ್ಲಿ ದುಡಿಯುವ ನಮ್ಮೂರ ಹುಡುಗರ ಕೈಯಲ್ಲಿ ಅಷ್ಟು ದುಡ್ಡು ಎಲ್ಲಿರುತ್ತದೆ? ಜೀವ ಮೊದಲು, ಕಾಗದಪತ್ರ ಆಮೇಲೆ ಎಂಬರ್ಥದ ತೀರ್ಪನ್ನು ಸುಪ್ರೀಂ ಕೋರ್ಟು 1989ರಲ್ಲೇ ಕೊಟ್ಟಿದೆ. ನಮ್ಮ ನಿಯಮವೂ ಬದಲಾಗಲಿ. ಅದಕ್ಕೆಂದೇ ನನ್ನ 5,000 ರೂಪಾಯಿ ಇಲ್ಲಿದೆ. ರಸೀದಿ ಪುಸ್ತಕ ಕಾರ್ಯದರ್ಶಿಗಳ ಬಳಿ ಇದೆ.