ಬಾವುಟ ಹಿಡಿದ ಕೈ ಸಾಲಿಯ ಕದವನ್ನೂ ತಟ್ಟಲಿ

(ಹಿರೇಬೆಂಡಿಗೇರಿಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಪಿ.ಯು.ಸಿ.ಗೆ ಓದು ನಿಲ್ಲಿಸಿ ಪ್ರೆಸ್ಸು ನಡೆಸುತ್ತಿರುವವನು. ನವೆಂಬರಿನಲ್ಲಿ ರಾಜ್ಯೋತ್ಸವದ ಕರಪತ್ರ ಅಚ್ಚು ಹಾಕುವವನೂ ನಾನೇ, ಮೇ ತಿಂಗಳಲ್ಲಿ ಇಂಗ್ಲಿಷ್ ಶಾಲೆಗಳ ಪ್ರವೇಶದ ಕರಪತ್ರ ಅಚ್ಚು ಹಾಕುವವನೂ ನಾನೇ! ಆದ್ದರಿಂದ ಯಾರತ್ತಲೂ ಬೆರಳು ತೋರಿಸದೆ ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಮಗಳು ನಾಲ್ಕನೇ ಇಯತ್ತೆಯಲ್ಲಿದ್ದಾಗ ಅವಳ ಕನ್ನಡ ಸಾಲಿಯ ಅಕ್ಕೋರು ಪಾಲಕರ ಸಭೆಯ ಚೀಟಿ ಅಚ್ಚು ಹಾಕಿಸಲು ಬಂದರು. ನೂರು ಪ್ರತಿ. ನಾನು ದುಡ್ಡು ಮುಟ್ಟಲಿಲ್ಲ. ಕನ್ನಡದ ಸೇವೆ ಮಾಡಿದೆನೆಂದು ಬೀಗಿದೆ. ಸಭೆಗೆ ಮಾತ್ರ ಹೋಗಲಿಲ್ಲ. ವಾರದ ಮೇಲೆ ಅಕ್ಕೋರು ಪ್ರೆಸ್ಸಿನ ಬಾಗಿಲಲ್ಲಿ ನಿಂತು ಕೇಳಿದರು: "ಅಣ್ಣಾರ, ಚೀಟಿ ಅಚ್ಚ ಹಾಕಿದವರ ನೀವು. ನೀವ ಬರಲಿಲ್ಲಂದ್ರ ಓದಾಕ ಬರದವರು ಹೆಂಗ ಬರ್ತಾರ್ರಿ?" ತಲೆ ತಗ್ಗಿಸಿದೆ.

ಅಂದು ಬಂದವರು ಏಳೇ ಜನ. ಹಗಲು ಹನ್ನೊಂದಕ್ಕೆ ಕೂಲಿ ಬಿಟ್ಟು ಯಾವ ತಾಯಿ ಬಂದಾಳು? ಮುಂದಿನ ಸಲ ಅಕ್ಕೋರು, ಮಾಸ್ತರರು ಓಣಿಗಳನ್ನು ಹಂಚಿಕೊಂಡು ಮನೆಮನೆಗೆ ಹೋದರು. ಸಭೆಯನ್ನು ಸಂಜೆಗಿಟ್ಟರು. ಹೊಲದಿಂದ ನೇರ ಬಂದ ತಾಯಿಯೊಬ್ಬಳು ಎದ್ದು ನಿಂತಳು: "ನನ್ನ ಮಗಾ ಸಾಲಿ ಯಾಕ ತಪ್ಪಸ್ತಾನ ಗೊತ್ತೇನ್ರಿ? ಮೂರು ವರ್ಷದ ತಂಗೀನ ಕಾಯಕೊಂತ ಮನ್ಯಾಗ ಕುಂದರತಾನ." ವರ್ಷವಿಡೀ ಆ ಹುಡುಗನನ್ನು ಸೋಮಾರಿ ಎಂದುಕೊಂಡಿದ್ದ ಮಾಸ್ತರರು ಸುಮ್ಮನಾದರು. ತಂಗಿಯನ್ನು ಅಂಗನವಾಡಿಗೆ ಬಿಡುವ ಏರ್ಪಾಡು ಅಂದೇ ಆಯಿತು. ಹುಡುಗ ಸಾಲಿಗೆ ಬಂದ.

ಮಿತ್ರರೇ, ಪಾಲಕರು ಸಾಲಿಯೊಳಗೆ ಕೂಡುವುದು ಯಾರೋ ಕೊಟ್ಟ ದಾನವಲ್ಲ, ಹಕ್ಕು! 2001ರಲ್ಲೇ ನಮ್ಮ ಸರ್ಕಾರಿ ಶಾಲೆಗಳಿಗೆ ಎಸ್.ಡಿ.ಎಂ.ಸಿ. ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು. ಶಾಲೆಯ ಯೋಜನೆ ಮಾಡುವುದು, ಅನುದಾನದ ಖರ್ಚಿನ ಮೇಲೆ ಕಣ್ಣಿಡುವುದು ಅವರ ಕೆಲಸ. ಅನುದಾನವಿಲ್ಲದ ಖಾಸಗಿ ಶಾಲೆಗೆ ಈ ಕಟ್ಟಳೆಯಿಲ್ಲ. ಅಲ್ಲಿ ಫೀ ಕಟ್ಟಿ ಗೇಟಿನ ಹೊರಗೆ ನಿಲ್ಲುತ್ತೀರಿ, ಇಲ್ಲಿ ಒಳಗೆ ನಿಮಗೊಂದು ಕುರ್ಚಿಯಿದೆ. ಆ ಕುರ್ಚಿ ಖಾಲಿ ಬಿಟ್ಟವರು ಯಾರು?

ಮಾಸ್ತರರೂ ಒಂಟಿಯಾಗಿ ಗೆಲ್ಲಲಾರರು. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಪದ್ಧತಿ ನೋಡಿ ಬಂದು, ಒಟ್ಟಿಗೆ ಕೂತು ಹಾಡು, ಆಟ, ಕಲಿಕೆಯ ಕಾರ್ಡುಗಳಿಂದ 'ನಲಿ-ಕಲಿ' ಕಟ್ಟಿದರು. 2009-10ರಲ್ಲಿ ಅದು ರಾಜ್ಯದುದ್ದಕ್ಕೂ ಹರಡಿತು. ಒಂದು ತಾಲ್ಲೂಕಿನ ಮಾಸ್ತರರು ಕೂಡಿದ್ದರ ಫಲ ಅದು!

2014ರಲ್ಲಿ ಸುಪ್ರೀಂ ಕೋರ್ಟ್ ಏನೆಂದಿತು? ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲವೆಂದಿತು. ಇನ್ನು ಕನ್ನಡ ಸಾಲಿ ಉಳಿಯುವುದಿದ್ದರೆ ಪಾಲಕರ ನಂಬಿಕೆಯಿಂದಲೇ ಉಳಿಯಬೇಕು. ಇದು ನಮಗೆ ಹೊಸದೇ? ಮುಂಬಯಿ ಆಳ್ವಿಕೆಯಲ್ಲಿ ಈ ಧಾರವಾಡ ಸೀಮೆಯ ಕನ್ನಡದ ಮಕ್ಕಳು ಮರಾಠಿ ಸಾಲಿಯಲ್ಲಿ ಕೂತಿದ್ದಾಗ, ಡೆಪ್ಯುಟಿ ಚನ್ನಬಸಪ್ಪನವರು ಊರೂರು ತಿರುಗಿ ಜನರನ್ನು ಒಪ್ಪಿಸಿ ಕನ್ನಡ ಸಾಲಿ ತೆರೆಸಲಿಲ್ಲವೇ?

ಬೆಂಗಳೂರು, ಹುಬ್ಬಳ್ಳಿಯಲ್ಲಿರುವ ತರುಣರೇ, ಹಬ್ಬಕ್ಕೆ ಊರಿಗೆ ಬಂದಾಗ ನೀವು ಕಲಿತ ಸಾಲಿಗೆ ಹೋಗಿ. ನೋಟ್‌ಬುಕ್ ಹಂಚಿ ಫೋಟೋ ತೆಗೆಸಿಕೊಳ್ಳುವುದು ಆಮೇಲಾಗಲಿ. ಸಮಿತಿಯಲ್ಲಿ ಯಾರಿದ್ದಾರೆ, ಕಡೆಯ ಸಭೆ ಯಾವಾಗ ಆಯಿತು, ಯಾವ ಮಗು ಯಾಕೆ ಬರುತ್ತಿಲ್ಲ, ಕೇಳಿ. ನಿಮ್ಮ ನಗರದ ವಾರ್ಡಿನಲ್ಲೂ ಒಂದು ಕನ್ನಡ ಶಾಲೆಯಿದೆ. ಅಲ್ಲೂ ಕೇಳಿ.

ನಾನೀಗ ಚೀಟಿಯನ್ನೂ ಅಚ್ಚು ಹಾಕುತ್ತೇನೆ, ಸಭೆಗೂ ಹೋಗುತ್ತೇನೆ. ನೀವು?

ಜೈ ಕರ್ನಾಟಕ!